ಸಾವಿರ ಆಟಗಳ ಖಾಲಿ ಪೆಟ್ಟಿಗೆ

ಖಾಲಿಯಾದದ್ದನ್ನು ತುಂಬುವುದು ಮನುಷ್ಯನ ಸ್ವಭಾವ. ಖಾಲಿ ಗೋಡೆ ಕಂಡರೆ ಮೊಳೆ ಹೊಡೆಯುತ್ತೇವೆ. ಖಾಲಿ ಕಪಾಟು ಕಂಡರೆ ಓದದ ಪುಸ್ತಕಗಳನ್ನಾದರೂ ತಂದು ಜೋಡಿಸುತ್ತೇವೆ. ಖಾಲಿ ಚೀಲ ಹಿಡಿದು ಸಂತೆಗೆ ಹೋದವನು ಅದನ್ನು ಹಾಗೆಯೇ ಮರಳಿ ತಂದನೆಂಬ ಮಾತನ್ನು ನಾನಂತೂ ಕೇಳಿಲ್ಲ. ತುಂಬುವುದಕ್ಕೆ ಹಣವೋ ಶ್ರಮವೋ ಬೇಕಾಗಿರುವ ತನಕ ಈ ಸ್ವಭಾವದಿಂದ ಹೆಚ್ಚಿನ ಅಪಾಯವಿಲ್ಲ; ಕೈ ಸೋತಾಗ ಆಸೆಯೂ ನಿಲ್ಲುತ್ತದೆ. ಆದರೆ ತುಂಬಲು ಕಾಸೂ ಬೇಡ, ಕೈಯೂ ಸೋಲದು ಎಂಬಂಥ ಪಾತ್ರೆಯೊಂದು ಎದುರಿಗೆ ಬಂದರೆ ಏನು ಮಾಡಬೇಕು?

ಅಂಥ ಪಾತ್ರೆಯೊಂದು ಕಳೆದ ಬೇಸಿಗೆಯ ರಜೆಯಲ್ಲಿ ಮೈಸೂರಿನ ನಮ್ಮ ಮನೆಗೆ ಬಂದಿತು. ಎರಡೂವರೆ ಅಂಗುಲದಷ್ಟು ಉದ್ದದ ಪ್ಲಾಸ್ಟಿಕ್ ತುಂಡು. ಫ್ಲಾಶ್ ಕಾರ್ಟ್ರಿಡ್ಜ್ ಎಂದು ಅದರ ಹೆಸರು. ಮಕ್ಕಳು ಕೈಯಲ್ಲಿ ಹಿಡಿದು ಆಡುವ ಯಂತ್ರದ ಬೆನ್ನಿಗೆ ಸಿಕ್ಕಿಸುವಂಥದು. ಅದನ್ನು ಒಂಬತ್ತು ವರ್ಷದ ಮೊಮ್ಮಗನಿಗಾಗಿ ಅಣಿಮಾಡುವ ಕೆಲಸ, ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನನ್ನ ಪಾಲಿಗೆ ಬಂದಿತು. ಕೆಲಸವೇನೋ ಎರಡು ಮಧ್ಯಾಹ್ನಗಳಲ್ಲಿ ಮುಗಿಯಿತು. ಅದು ಎಬ್ಬಿಸಿದ ಪ್ರಶ್ನೆಗಳು ಅಷ್ಟು ಬೇಗ ಮುಗಿಯುವಂಥವಲ್ಲ.

ಮೊದಲು ಯಂತ್ರದ ವಿಚಾರ. ಜಪಾನಿನ ನಿಂಟೆಂಡೊ ಸಂಸ್ಥೆ ೧೯೮೯ರಲ್ಲಿ ‘ಗೇಮ್ ಬಾಯ್’ ಎಂಬ ಯಂತ್ರವನ್ನು ಹೊರತಂದಿತು. ಅದರ ಹಿಂದಿದ್ದ ಪ್ರಮುಖ ಶಿಲ್ಪಿ ಗುನ್‌ಪೇ ಯೊಕೊಯ್. ಹೊಚ್ಚ ಹೊಸ ತಂತ್ರಜ್ಞಾನದ ಬೆನ್ನು ಹತ್ತಬೇಡಿ. ಹಳತಾಗಿ ಅಗ್ಗವಾದ, ಗುಣದೋಷಗಳೆಲ್ಲ ತಿಳಿದಿರುವ ತಂತ್ರಜ್ಞಾನವನ್ನೇ ಹೊಸ ದಿಕ್ಕಿನಿಂದ ಬಳಸಿ ನೋಡಿ—ಇದು ಅವನ ತತ್ತ್ವ. ಆದ್ದರಿಂದಲೇ ಗೇಮ್ ಬಾಯ್‌ಗೆ ಬಣ್ಣವಿರಲಿಲ್ಲ. ಹಸಿರು ಛಾಯೆಯ ತೆರೆಯ ಮೇಲೆ ನಾಲ್ಕು ಹಂತದ ನೆಳಲು ಮಾತ್ರ. ಬಣ್ಣದ ತೆರೆಯಿದ್ದ ಪ್ರತಿಸ್ಪರ್ಧಿಗಳು ಬ್ಯಾಟರಿಯನ್ನು ನುಂಗಿ ಸುಸ್ತಾದಾಗ ಈ ಬಡಕಲು ಯಂತ್ರ ಗಂಟೆಗಟ್ಟಲೆ ಆಡುತ್ತಲೇ ಇತ್ತು. ಬಣ್ಣದ ಅವತಾರವಾದ ‘ಗೇಮ್ ಬಾಯ್ ಕಲರ್’ ಬಂದದ್ದು ೧೯೯೮ರಲ್ಲಿ. ಯೊಕೊಯ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಅದಕ್ಕೆ ಎರಡು ಪೆನ್ಸಿಲ್ ಸೆಲ್ಲು ಸಾಕು. ತೆರೆಗೆ ಒಳಗಿನಿಂದ ಬೆಳಕಿಲ್ಲವಾದ್ದರಿಂದ ಆಡುವವರು ಕಿಟಕಿಯನ್ನು ಆಶ್ರಯಿಸಬೇಕು.

ಅಮೆರಿಕದಲ್ಲಿದ್ದ ನನ್ನ ತಮ್ಮ ೨೦೦೧ರ ಬೇಸಿಗೆಯಲ್ಲಿ ಊರಿಗೆ ಬಂದಾಗ ಇಂಥ ಯಂತ್ರವೊಂದನ್ನು ಹನ್ನೊಂದು ವರ್ಷದ ನನ್ನ ಮಗಳಿಗೆ ತಂದುಕೊಟ್ಟ. ಜೊತೆಗೆ ಎರಡು ಕಾರ್ಟ್ರಿಡ್ಜ್: ಒಂದು ‘ಟೆಟ್ರಿಸ್’, ಇನ್ನೊಂದು ‘ಪೋಕೆಮಾನ್ ಯೆಲ್ಲೋ’. ಆ ಬೇಸಿಗೆಯೆಲ್ಲ ಅವಳು ಪಡಸಾಲೆಯ ಕಿಟಕಿಯ ಬಳಿ ಇದ್ದಳು. ಬಿಸಿಲು ಸರಿದಂತೆ ಅವಳೂ ಸರಿಯುತ್ತಿದ್ದಳು. ಶಾಲೆ ತೆರೆಯಿತು, ಯಂತ್ರ ಕಪಾಟು ಸೇರಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಅವಳ ಮಗ ಅದನ್ನು ಕಪಾಟಿನಿಂದ ಹೊರಗೆಳೆದ. ಸೆಲ್ಲು ಹಾಕಿ ಗುಂಡಿ ಒತ್ತಿದಾಗ ಯಂತ್ರ ಬದುಕಿತ್ತು. ಅದಕ್ಕಿಂತ ಆಶ್ಚರ್ಯ, ಅದರೊಳಗೆ ಅವಳ ಆಟವೂ ಬದುಕಿತ್ತು: ಗೆದ್ದ ಪದಕ ಆರು, ಆಡಿದ ಹೊತ್ತು ೬೧ ಗಂಟೆ ೪೦ ನಿಮಿಷ. ಅವಳು ಹಿಡಿದು ಸಾಕಿದ ಪ್ರಾಣಿಗಳ ಪಟ್ಟಿಯಲ್ಲಿ ಒಂದು ಆಮೆಗೆ ನನ್ನ ತಾಯಿಯ ಹೆಸರಿತ್ತು. ನನ್ನ ತಾಯಿ ಆಗ ಕೋಲೂರಿ ನಿಧಾನವಾಗಿ ನಡೆಯುತ್ತಿದ್ದರು. ಮೊಮ್ಮಗಳ ತುಂಟತನ ಅವರಿಗೆ ತಿಳಿದಿರಲಿಲ್ಲವೋ, ತಿಳಿದೂ ನಕ್ಕರೋ ಕಾಣೆ. ೨೦೦೪ರಲ್ಲಿ ಅವರು ಹೋದರು. ಮರಿಮಗ ಅವರನ್ನು ನೋಡಿದವನಲ್ಲ; ಆ ಮಧ್ಯಾಹ್ನ ಅವರ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ.

ಇಲ್ಲಿಂದ ತೊಡಕು ಆರಂಭವಾಯಿತು. ಹುಡುಗ ಕೇಳಿದ:

“ತಾತ, ನಾನು ಹೊಸದಾಗಿ ಶುರುಮಾಡಿದರೆ ಅಮ್ಮನ ಆಟ ಏನಾಗುತ್ತೆ?”

ಅಳಿಸಿಹೋಗುತ್ತದೆ. ಈ ಕಾರ್ಟ್ರಿಡ್ಜಿನಲ್ಲಿ ಒಬ್ಬರ ಆಟಕ್ಕೆ ಮಾತ್ರ ಎಡೆ. ಅದರ ಒಳಗಿನ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕಾರ್ಟ್ರಿಡ್ಜಿನಲ್ಲಿ ಎರಡು ಬಗೆಯ ನೆನಪುಗಳಿವೆ. ಮೊದಲನೆಯದು ಆಟವೇ, ಕಾರ್ಖಾನೆಯಲ್ಲಿ ಒಮ್ಮೆ ಅಚ್ಚೊತ್ತಿದ್ದು, ಓದಬಹುದೇ ಹೊರತು ತಿದ್ದಲಾಗದು, ಶಾಸನದ ಕಲ್ಲಿನಂತೆ. ಎರಡನೆಯದು ಆಡಿದವರ ಲೆಕ್ಕ; ಅದು ಹಲಗೆಯ ಮೇಲಿನ ಬರೆಹದಂತೆ, ಬರೆಯಬಹುದು, ಅಳಿಸಬಹುದು. ಈ ಎರಡನೆಯ ನೆನಪಿಗೆ ಸದಾ ವಿದ್ಯುತ್ತು ಬೇಕು. ಯಂತ್ರ ಆರಿದಾಗ ಅದನ್ನು ಕಾಯುವುದು ಒಳಗೆ ಬೆಸುಗೆ ಹಾಕಿರುವ, ಅಂಗಿಯ ಗುಂಡಿಯಷ್ಟಗಲದ ಒಂದು ಬ್ಯಾಟರಿ. ಅದು ಸತ್ತ ದಿನ ಅರವತ್ತೊಂದು ಗಂಟೆಯ ಬೇಸಿಗೆಯೂ ಆಮೆಯ ಹೆಸರೂ ಸದ್ದಿಲ್ಲದೆ ಹೋಗುತ್ತವೆ. ಹೊಸ ಬ್ಯಾಟರಿ ಹಾಕೋಣವೆಂದು ಹಳೆಯದನ್ನು ಕಿತ್ತರೂ ಹೋಗುತ್ತವೆ. ಯೆಲ್ಲೋ ಆಟಕ್ಕೆ ಗಡಿಯಾರವಿಲ್ಲದ್ದರಿಂದ ಬ್ಯಾಟರಿ ನಿಧಾನವಾಗಿ ಸವೆದಿತ್ತು. ಇದರ ಮುಂದಿನ ಪೀಳಿಗೆಯ, ಒಳಗೆ ಗಡಿಯಾರ ಓಡುವ ಕಾರ್ಟ್ರಿಡ್ಜುಗಳ ನೆನಪು ಇದಕ್ಕಿಂತ ಬೇಗ ಆರಿಹೋಗುವುದು ಸಾಮಾನ್ಯ.

ತಾಯಿಯ ಆಟ ಉಳಿಯಬೇಕು, ಮಗನ ಆಟ ಮೊದಲಾಗಬೇಕು. ಫ್ಲಾಶ್ ಕಾರ್ಟ್ರಿಡ್ಜನ್ನು ತರಿಸಿದ್ದು ಇದಕ್ಕಾಗಿ.

‘ಫ್ಲಾಶ್’ ಎಂಬ ಮಾತಿಗೂ ಒಂದು ಕಥೆಯಿದೆ. ಹಿಂದೆ ಕೆಲವು ಚಿಪ್ಪುಗಳಲ್ಲಿ ಬರೆದದ್ದನ್ನು ಅಳಿಸಬೇಕಾದರೆ ಅವುಗಳನ್ನು ಕಿತ್ತು ನೇರಳಾತೀತ ಬೆಳಕಿನ ಕೆಳಗೆ ಬಹಳ ಹೊತ್ತು ಇಡಬೇಕಾಗಿತ್ತು. ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ವಿದ್ಯುತ್ತಿನಿಂದಲೇ ಒಮ್ಮೆಗೆ ಅಳಿಸಬಲ್ಲ ಚಿಪ್ಪನ್ನು ಕಂಡುಹಿಡಿದು, ೧೯೮೪ರಲ್ಲಿ ಲೋಕದ ಮುಂದಿಟ್ಟ. ಅಳಿಸುವ ವೇಗ ಕ್ಯಾಮರಾದ ಮಿಂಚಿನಂತೆ ಇದೆಯೆಂದು ಅವನ ಸಹೋದ್ಯೋಗಿಯೊಬ್ಬ ಅದಕ್ಕೆ ಈ ಹೆಸರು ಕೊಟ್ಟ. ಉಳಿಸಿಕೊಳ್ಳುವ ವಸ್ತುವಿಗೆ ಅಳಿಸುವ ಗುಣದಿಂದ ಹೆಸರು ಬಂದದ್ದು ವಿನೋದವೇ ಸರಿ. ಫ್ಲಾಶ್ ಕಾರ್ಟ್ರಿಡ್ಜಿನಲ್ಲಿ ಬೆರಳುಗುರಿನಷ್ಟು ದೊಡ್ಡ ಮೆಮೊರಿ ಕಾರ್ಡನ್ನು ಸೇರಿಸುವ ಕಂಡಿಯೊಂದಿದೆ. ಕಾರ್ಡಿನಲ್ಲಿ ಆಟಗಳ ಫೈಲುಗಳಿದ್ದರೆ, ಯಂತ್ರವನ್ನು ಹಾಕಿದೊಡನೆ ಪಟ್ಟಿ ಮೂಡುತ್ತದೆ; ಆರಿಸಿದ ಆಟ ಚಿಪ್ಪಿಗೆ ಇಳಿಯುತ್ತದೆ; ಯಂತ್ರವು ಅದನ್ನು ನಿಜವಾದ ಕಾರ್ಟ್ರಿಡ್ಜೆಂದೇ ನಂಬಿ ಆಡಿಸುತ್ತದೆ.

ಮೊದಲು ಹಳೆಯ ಕಾರ್ಟ್ರಿಡ್ಜಿನ ತಾಮ್ರದ ಹಲ್ಲುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು, ಹತ್ತಿ ಕಪ್ಪಾಯಿತು. ಕೊಳೆಯಿದ್ದರೆ ಓದು ತಪ್ಪುತ್ತದೆ. ಬಳಿಕ ಮಗಳು ತರಿಸಿಕೊಟ್ಟ ಓದುಪೆಟ್ಟಿಗೆಗೆ ಕಾರ್ಟ್ರಿಡ್ಜನ್ನು ಸಿಕ್ಕಿಸಿ, ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿದೆವು. ಮೊದಲು ಪ್ರತಿ ಮಾಡಿದ್ದು ಆಟವನ್ನಲ್ಲ, ಅವಳ ಲೆಕ್ಕವನ್ನು, ಆಟ ಕಲ್ಲು, ಕಾಯಬಲ್ಲದು, ಲೆಕ್ಕ ಕಾಯಲಾರದು. ಎರಡು ಸಲ ಓದಿಸಿ ಎರಡೂ ಅಕ್ಷರಶಃ ಒಂದೇ ಎಂದು ಕಂಡ ಮೇಲೆ ಹುಡುಗ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟ. ಅನಂತರ ಆಟ. ಯೆಲ್ಲೋ ಇಡಿಯಾಗಿ ಒಂದು ಮೆಗಾಬೈಟು. ಅವಳ ಲೆಕ್ಕ ೩೨ ಕಿಲೋಬೈಟು. ಟೆಟ್ರಿಸನ್ನೂ ಓದಿಸಿದಾಗ ಒಂದು ಸೋಜಿಗ ಕಂಡಿತು: ಅಲೆಕ್ಸಿ ಪಜಿಟ್ನೋವ್ ಕಲ್ಪಿಸಿದ, ಕೋಟ್ಯಂತರ ಜನರನ್ನು ಮರುಳುಮಾಡಿದ ಆ ಆಟವೂ ಅಷ್ಟೇ, ೩೨ ಕಿಲೋಬೈಟು. ಒಂದು ಹುಡುಗಿಯ ಒಂದು ಬೇಸಿಗೆಗೆ ಮೀಸಲಾದ ಜಾಗವೂ ಒಂದು ಜಗತ್‌ಪ್ರಸಿದ್ಧ ಆಟವೂ ತಕ್ಕಡಿಯಲ್ಲಿ ಸಮತೂಕ!

ಕಾರ್ಡನ್ನು ಫ್ಯಾಟ್-೩೨ ಎಂಬ ಕ್ರಮದಲ್ಲಿ ಸಿದ್ಧಗೊಳಿಸಿ, ಕಾರ್ಟ್ರಿಡ್ಜಿನ ತಯಾರಕರು ಕೊಟ್ಟ ವ್ಯವಸ್ಥೆಯ ಫೋಲ್ಡರನ್ನು ಎಲ್ಲಕ್ಕಿಂತ ಮೇಲಿನ ಹಂತದಲ್ಲಿಟ್ಟೆವು. ಆ ಪುಟ್ಟ ತೆರೆಗೆ ಕನ್ನಡ ಲಿಪಿ ಬಾರದು. ಇಂಗ್ಲಿಷಿನ ಅಕ್ಷರಗಳಲ್ಲೇ ‘ಅಮ್ಮ’, ‘ನಾನು’ ಎಂದು ಎರಡು ಹೆಸರು ಕೊಟ್ಟು ಯೆಲ್ಲೋ ಆಟದ ಎರಡು ಪ್ರತಿ ಇಟ್ಟೆವು. ನಿಯಮ ಸರಳ: ಆಟದ ಫೈಲಿಗೂ ಅದರ ಲೆಕ್ಕದ ಫೈಲಿಗೂ ಒಂದೇ ಹೆಸರಿರಬೇಕು, ಇದ್ದರೆ ಅವು ಒಂದನ್ನೊಂದು ಗುರುತಿಸುತ್ತವೆ. ಯಂತ್ರ ಹಾಕಿ ‘ಅಮ್ಮ’ನನ್ನು ಆರಿಸಿದಾಗ ಆರು ಪದಕಗಳೂ ಅರವತ್ತೊಂದು ಗಂಟೆಯೂ ಆಮೆಯೂ ಬಂದವು, ‘ನಾನು’ ಎಂಬುದನ್ನು ಆರಿಸಿದಾಗ ಹೊಸ ಲೋಕ. ಮಾರನೆಯ ದಿನ ರೇಡಿಯೋ ರಿಪೇರಿಯವರೊಬ್ಬರಿಂದ ಮೂಲ ಕಾರ್ಟ್ರಿಡ್ಜಿಗೆ ಹೊಸ ಬ್ಯಾಟರಿ ಬೆಸುಗೆ ಹಾಕಿಸಿ, ಅವಳ ಲೆಕ್ಕವನ್ನು ಅದಕ್ಕೂ ಹಿಂದಿರುಗಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ತಂತ್ರದ ಕೆಲಸ ಇಲ್ಲಿಗೆ ಮುಗಿಯಿತು. ಆದರೆ ಕಾರ್ಡಿನಲ್ಲಿ ಎಂಟು ಗಿಗಾಬೈಟು ಜಾಗವಿತ್ತು. ಗೇಮ್ ಬಾಯ್‌ಗಾಗಿ ಲೋಕದಲ್ಲಿ ಹೊರಬಂದ ಆಟಗಳು ಸಾವಿರಕ್ಕೂ ಹೆಚ್ಚು. ಅಷ್ಟನ್ನೂ ಸುರಿದರೂ ಆ ಕಾರ್ಡಿನ ಒಂದು ಮೂಲೆ ತುಂಬದು. ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬ ನೋಡಲು ಬಂದವನು, “ಇಷ್ಟೇನಾ ಸಾರ್? ಕೊಡಿ, ಹತ್ತು ನಿಮಿಷದಲ್ಲಿ ಎಲ್ಲ ಆಟಾನೂ ಹಾಕಿಕೊಡ್ತೀನಿ” ಎಂದ. ಉಪಕಾರ ಬುದ್ಧಿಯಿಂದಲೇ ಹೇಳಿದ ಮಾತು. ಮೊಮ್ಮಗನ ಕಣ್ಣು ಅರಳಿತು. ಮರುಕ್ಷಣವೇ ನನ್ನ ಮುಖ ನೋಡಿದ.

“ತಾತ, ಅದು ಕದ್ದ ಹಾಗಾಗಲ್ವಾ?”

ಆಗುತ್ತದೆ ಎಂದೆ. ಆದರೆ ಇಷ್ಟು ಹೇಳಿ ಮುಗಿಸುವಂತಿರಲಿಲ್ಲ. ಏಕೆಂದರೆ ನಾವೂ ಪ್ರತಿಯನ್ನೇ ಮಾಡಿದ್ದೆವು. ಭಾರತದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಪ್ರಕರಣ, ಕಂಪ್ಯೂಟರ್ ಕಾರ್ಯಕ್ರಮವೊಂದನ್ನು ನ್ಯಾಯವಾಗಿ ಹೊಂದಿದವನು ನಷ್ಟ, ನಾಶ, ಹಾನಿಗಳಿಂದ ರಕ್ಷಣೆಗಾಗಿ, ಮೂಲದ ಉದ್ದೇಶಕ್ಕೆ ಮಾತ್ರ ಬಳಸಲು, ತಾತ್ಕಾಲಿಕವಾಗಿ ಪ್ರತಿಯಿಟ್ಟುಕೊಳ್ಳಲು ಎಡೆಗೊಡುತ್ತದೆ. ನಮ್ಮ ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು ಕಾಯಿದೆಯ ಪಂಡಿತರು ಇನ್ನೂ ಕೂದಲು ಸೀಳಬಹುದು. ಇದೇ ಬಗೆಯ ಸಾಧನಗಳನ್ನು ಕುರಿತು ಹೊರದೇಶಗಳ ನ್ಯಾಯಾಲಯಗಳು ಬಿಗಿಯಾಗಿಯೇ ನಡೆದುಕೊಂಡಿವೆ: ನಿಂಟೆಂಡೊವಿನ ‘ಡಿಎಸ್’ ಯಂತ್ರಕ್ಕೆ ಬಂದ ‘ಆರ್-೪’ ಎಂಬ ಕಾರ್ಟ್ರಿಡ್ಜಿನ ಮಾರಾಟವನ್ನು ಟೋಕಿಯೋ ಜಿಲ್ಲಾ ನ್ಯಾಯಾಲಯ ೨೦೦೯ರಲ್ಲಿ ತಡೆಯಿತು, ೨೦೧೦ರಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯವೂ ಅಂಥ ಸಾಧನಗಳ ವಿರುದ್ಧ ತೀರ್ಪಿತ್ತಿತು. ನಾನು ಹುಡುಗನಿಗೆ ಮನೆಯ ಮಟ್ಟದ ನಿಯಮ ಹೇಳಿದೆ: ಮೂಲ ನಮ್ಮ ಕಪಾಟಿನಲ್ಲಿದ್ದರೆ ಮಾತ್ರ ಪ್ರತಿ ನಮ್ಮ ಕೈಯಲ್ಲಿ, ಮೂಲವನ್ನು ಯಾರಿಗಾದರೂ ಕೊಟ್ಟ ದಿನ ಪ್ರತಿಯನ್ನು ಅಳಿಸತಕ್ಕದ್ದು.

ಅವನು ಸುಮ್ಮನಾಗಲಿಲ್ಲ. “ಅಂಗಡೀಲಿ ಸಿಗದೇ ಇರೋ ಆಟ ಆದ್ರೆ? ಯಾರೂ ಮಾರೋದೇ ಇಲ್ಲ ಅಂದ್ರೆ ಯಾರಿಗೆ ನಷ್ಟ?” ಎಂದ.

ಈ ಪ್ರಶ್ನೆ ಮಗುವಿನದೆಂದು ತಳ್ಳಿಹಾಕುವಂಥದಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ ೮೭ ಆಗ ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. ಯೆಲ್ಲೋ ಆಟವನ್ನೇ ನಿಂಟೆಂಡೊ ೨೦೧೬ರಲ್ಲಿ ತನ್ನ ‘ತ್ರೀಡಿಎಸ್’ ಯಂತ್ರದ ಮೂಲಕ ಮತ್ತೆ ಮಾರಿತು. ೨೦೨೩ರ ಮಾರ್ಚಿಯಲ್ಲಿ ಆ ಅಂಗಡಿಯ ಮಾರಾಟ ನಿಂತಿತು. ಮಾರುಕಟ್ಟೆಯಿಂದ ಮರೆಯಾದ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ಗ್ರಂಥಾಲಯಗಳು ಕೇಳಿದ ಅನುಮತಿಯನ್ನು ಅಮೆರಿಕದ ಕೃತಿಸ್ವಾಮ್ಯದ ಅಧಿಕಾರಿಗಳು ೨೦೨೪ರಲ್ಲಿ ನಿರಾಕರಿಸಿದರು. ಮಾರುವವನೂ ಮಾರದೆ, ಕಾಯುವವನಿಗೂ ಬಾಗಿಲು ತೆರೆಯದೆ ಇದ್ದರೆ ಕೃತಿಯ ಗತಿಯೇನು?

ಕನ್ನಡಿಗರಾದ ನಮಗೆ ಇದರ ಉತ್ತರ ಗೊತ್ತಿದೆ. ಕವಿರಾಜಮಾರ್ಗವು ಗೌರವದಿಂದ ಹೆಸರಿಸುವ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕನ್ನಡ ಕೃತಿಗಳಲ್ಲಿ ಇಂದು ನಮ್ಮ ಕೈಗೆ ಉಳಿದದ್ದು ಹೆಸರು ಮಾತ್ರ. ಓಲೆಗರಿಯನ್ನು ಹುಳು ತಿನ್ನುತ್ತದೆ. ಕೆಲವು ತಲೆಮಾರಿಗೊಮ್ಮೆ ಯಾರಾದರೂ ಪ್ರತಿ ಮಾಡದಿದ್ದರೆ ಕಾವ್ಯ ಸಾಯುತ್ತದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ನಾವು ದಾನವೆಂದು ಕರೆಯುತ್ತೇವೆ, ಕಳವೆಂದಲ್ಲ. ಪ್ರತಿಯೆಂಬುದು ತಾನೇ ಪಾಪವಲ್ಲ. ನಮ್ಮ ಸಾಹಿತ್ಯವೆಲ್ಲ ಪ್ರತಿಕಾರರ ಕೈಯ ಮೇಲೆ ನಡೆದು ಬಂದದ್ದು.

ಆದರೆ ಆ ಸಾವಿರಕ್ಕೂ ಈ ಸಾವಿರಕ್ಕೂ ಒಂದು ಭೇದವಿದೆ. ಅಲ್ಲಿ ಒಂದೇ ಕೃತಿ, ಸಾವಿರ ಪ್ರತಿ; ಇಲ್ಲಿ ಒಂದೇ ಕಾರ್ಡು, ಸಾವಿರ ಕೃತಿ. ಅಲ್ಲಿ ಪ್ರತಿಯೊಂದು ಗರಿಯ ಹಿಂದೆಯೂ ಕಂಠ ಹಿಡಿದು ಬಾಗಿದ ಒಂದು ಬೆನ್ನಿತ್ತು. ಯಾವ ಗ್ರಂಥಕ್ಕಾಗಿ ಬೆನ್ನು ಬಾಗಬೇಕೆಂಬುದನ್ನು ಮೊದಲೇ ಯೋಚಿಸಬೇಕಾಗಿತ್ತು. ಶ್ರಮವೇ ವಿಮರ್ಶಕನ ಕೆಲಸ ಮಾಡುತ್ತಿತ್ತು. ಈಗ ಶ್ರಮ ಹೋಯಿತು. ಅದರೊಡನೆ ಆಯ್ಕೆಯೂ ಹೋಯಿತು. ಹತ್ತು ನಿಮಿಷದಲ್ಲಿ ಎಲ್ಲವೂ ಬರುವಾಗ ‘ಯಾವುದು?’ ಎಂದು ಕೇಳುವವರಾರು?

ಇದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊಮ್ಮಗನ ಗೆಳೆಯನೊಬ್ಬನಲ್ಲಿ ಸಾವಿರಾರು ಆಟಗಳನ್ನು ತುಂಬಿದ ಬೇರೊಂದು ಯಂತ್ರವಿದೆ. ಒಂದು ಸಂಜೆ ಇಬ್ಬರೂ ನಮ್ಮ ಜಗುಲಿಯಲ್ಲಿ ಕುಳಿತು ಅದನ್ನು ಆಡಿದರು. ಆಡಿದರು ಎನ್ನುವುದಕ್ಕಿಂತ ಪಟ್ಟಿಯನ್ನು ಸರಿಸಿದರು ಎನ್ನಬೇಕು. ಒಂದು ಆಟ ತೆರೆಯುವುದು, ಮೊದಲ ಹಳ್ಳದಲ್ಲಿ ಬೀಳುವುದು, ‘ಇದು ಬೇಡ’ ಎಂದು ಇನ್ನೊಂದಕ್ಕೆ ಹಾರುವುದು. ಎರಡು ಗಂಟೆ ಕಳೆದ ಮೇಲೆ ಇಬ್ಬರೂ ಮುಖ ಬಾಡಿಸಿಕೊಂಡು ಎದ್ದರು. ಯಾವ ಆಟದ ಹೆಸರೂ ಅವರಿಗೆ ನೆನಪಿರಲಿಲ್ಲ. ನನ್ನ ಮಗಳಿಗೆ ಎರಡೇ ಆಟಗಳಿದ್ದವು; ಸೋತಾಗ ಹಾರಿಹೋಗಲು ಬೇರೆ ಆಟವಿರಲಿಲ್ಲ. ಆದ್ದರಿಂದ ಮತ್ತೆ ಅದೇ ಗುಹೆಗೆ ಹೋದಳು, ದಾರಿಯನ್ನು ಹಾಳೆಯ ಮೇಲೆ ಬರೆದುಕೊಂಡಳು, ದಾಟಿದಳು. ಅರವತ್ತೊಂದು ಗಂಟೆಯಲ್ಲಿ ಎಷ್ಟು ಭಾಗ ಗೆಲವು, ಎಷ್ಟು ಭಾಗ ಸೋಲು ಎಂದು ಯಂತ್ರ ಬರೆದಿಟ್ಟಿಲ್ಲ. ನನಗೆ ಮಾತ್ರ ಆ ಹಾಳೆಗಳ ನೆನಪಿದೆ.

ಹುಡುಗನಿಗೆ ಕೊಟ್ಟ ಉತ್ತರ ಇದು: “ಯಾರೂ ಮಾರದ ಆಟ ಲೋಕದಲ್ಲಿ ಉಳಿಯಬೇಕು, ನಿಜ. ಅದನ್ನು ಉಳಿಸುವ ಹಕ್ಕು ಗ್ರಂಥಾಲಯಗಳಿಗೆ ಸಿಗಬೇಕು. ದೊಡ್ಡವನಾದ ಮೇಲೆ ನೀನು ಅದಕ್ಕಾಗಿ ವಾದಿಸು. ಆದರೆ ನಾವು ಈಗ ತುಂಬುತ್ತಿರುವುದು ಗ್ರಂಥಾಲಯವನ್ನಲ್ಲ, ನಿನ್ನ ಜೇಬನ್ನು.” ಭಂಡಾರಕ್ಕೆ ಎಲ್ಲವೂ ಬೇಕು, ಮಗುವಿಗೆ ಕೆಲವೇ ಬೇಕು. ಈ ಎರಡನ್ನೂ ಬೆರೆಸಿದರೆ ಭಂಡಾರದ ನೆಪದಲ್ಲಿ ಕಳವು ನುಸುಳುತ್ತದೆ, ಇಲ್ಲವೆ ಮಿತಿಯ ನೆಪದಲ್ಲಿ ಕೃತಿಗಳು ಸಾಯುತ್ತವೆ. ಅವನಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ‘ವಾದಿಸು’ ಎಂದದ್ದು ಮಾತ್ರ ಇಷ್ಟವಾದಂತೆ ಕಂಡಿತು.

ಕೊನೆಗೆ ಕಾರ್ಡಿನಲ್ಲಿ ಉಳಿದವು ಇವು: ಯೆಲ್ಲೋ ಆಟದ ಎರಡು ಪ್ರತಿ; ಟೆಟ್ರಿಸ್; ಮತ್ತು ‘ಟೋಬು ಟೋಬು ಗರ್ಲ್’ ಎಂಬ ಇನ್ನೊಂದು. ಇದು ೨೦೧೭ರಲ್ಲಿ, ಗೇಮ್ ಬಾಯ್ ಅಂಗಡಿಗಳಿಂದ ಮರೆಯಾಗಿ ಎಷ್ಟೋ ವರ್ಷಗಳ ಬಳಿಕ, ಅದನ್ನು ಪ್ರೀತಿಸುವ ಕೆಲವರು ಹೊಸದಾಗಿ ರಚಿಸಿ, ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಲಿ ಎಂದು ಲೋಕಕ್ಕೆ ಬಿಟ್ಟುಕೊಟ್ಟ ಆಟ. ನಮ್ಮದು, ಕೊಟ್ಟದ್ದು—ಈ ಎರಡು ಬಗೆಯವೇ ಹೊರತು ಮೂರನೆಯ ಬಗೆ ಇಲ್ಲ. ಎಲ್ಲ ಸೇರಿ ಹತ್ತು ಮೆಗಾಬೈಟಿಗೂ ಕಡಮೆ. ಕಾರ್ಡಿನ ಲೆಕ್ಕದಲ್ಲಿ ಅದು ಸೊನ್ನೆಯೇ.

ಇವುಗಳ ಜೊತೆಗೆ ಇನ್ನೊಂದು ಫೋಲ್ಡರು ಇದೆ. ಅದರಲ್ಲಿ ಏನೂ ಇಲ್ಲ. ಕ್ರಿಸ್ ಮಾಲ್ಟ್‌ಬಿ ಎಂಬವರು ೨೦೧೯ರಲ್ಲಿ ಹೊರತಂದ ‘ಜಿಬಿ ಸ್ಟುಡಿಯೋ’ ಎಂಬ ಉಚಿತ ಸಾಧನದಿಂದ, ಕಂಪ್ಯೂಟರಿನ ಭಾಷೆಗಳನ್ನು ಅಷ್ಟಾಗಿ ಕಲಿಯದವರೂ ಈ ಹಳೆಯ ಯಂತ್ರಕ್ಕೆ ಹೊಸ ಆಟ ಕಟ್ಟಬಹುದೆಂದು ನಾನು ಹೇಳಿದ ದಿನ, ಆ ಫೋಲ್ಡರಿಗೆ ಹುಡುಗ ತನ್ನ ಹೆಸರನ್ನೇ ಇಟ್ಟ. ಕಥೆಯೂ ಸಿದ್ಧವಾಗುತ್ತಿದೆಯಂತೆ, ಅದರಲ್ಲಿ ಕೋಲೂರಿ ನಡೆಯುವ ಆಮೆಯೊಂದು ಬರುತ್ತದೆಯೆಂದು ಕೇಳಿದ್ದೇನೆ. ಆಟ ಮುಗಿಯುತ್ತದೆಯೋ ಇಲ್ಲವೋ, ಕಾಲವೇ ಹೇಳಬೇಕು. ಎಂಟು ಗಿಗಾಬೈಟಿನ ಬಯಲಿನಲ್ಲಿ ಆ ಒಂದು ಜಾಗವನ್ನಂತೂ ಬೀದಿಯ ಹುಡುಗ ಹತ್ತು ನಿಮಿಷದಲ್ಲಿ ತುಂಬಿಕೊಡಲಾರ.